ಮಾತು ಬದಿಗಿಡಿ, ಹಾಳೆ ತಿರುಗಲಿ: ಅರ್ಧ ಗಂಟೆಯಲ್ಲಿ 108 ಐಡಿಯಾ

‘ಎಲ್ಲರೂ ಸೇರಿ ಏನಾದರೂ ಹೊಸದು ಯೋಚಿಸೋಣ’ ಎಂದು ಸಭೆ ಕರೆದರೆ ಸಾಮಾನ್ಯವಾಗಿ ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಸುಮ್ಮನಿದ್ದವರಿಗೆ ಕಲ್ಪನೆ ಇಲ್ಲವೆಂದಲ್ಲ. ತಮ್ಮ ಸರದಿ ಬರುವಷ್ಟರಲ್ಲಿ ಹೊಳೆದದ್ದು ಮರೆತಿರುತ್ತದೆ, ಇಲ್ಲವೇ ಹೇಳಲು ಸಂಕೋಚವಾಗುತ್ತದೆ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ನಾಲ್ವರು ಒಟ್ಟಿಗೆ ಕೂತು ಮಾತಾಡಿದಾಗ ಬಂದದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಯೋಚಿಸಿದ್ದನ್ನು ಕೂಡಿಸಿದಾಗಲೇ ಹೆಚ್ಚು ಐಡಿಯಾ ಸಿಕ್ಕವು.

ಹಾಗೆಂದು ಗುಂಪನ್ನೇ ಬಿಡಬೇಕಿಲ್ಲ. ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1960ರ ದಶಕದ ಕೊನೆಗೆ ಕೊಟ್ಟ 6-3-5 ವಿಧಾನದಲ್ಲಿ ಆರು ಮಂದಿ, ಮೂರು ಐಡಿಯಾ, ಐದು ನಿಮಿಷ. ಬೇಕಾದದ್ದು ಆರು ಎ4 ಹಾಳೆ, ಒಂದೇ ಬಣ್ಣದ ಆರು ಪೆನ್ನು, ಮೊಬೈಲ್ ಟೈಮರ್.

ಮೊದಲು ಪ್ರಶ್ನೆ ಬರೆದುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ‘ಶಾಲೆಯ ಗ್ರಂಥಾಲಯ ಸುಧಾರಿಸುವುದು ಹೇಗೆ?’ ಎಂದು ಕೇಳಿದರೆ ‘ಹೆಚ್ಚು ಪುಸ್ತಕ ತರಿಸಬೇಕು’ ಎಂಬ ಉತ್ತರವೇ ಬರುತ್ತದೆ. ‘ಊಟದ ಬಿಡುವಿನಲ್ಲಿ ಏಳನೇ ತರಗತಿಯ ಮಕ್ಕಳು ತಾವಾಗಿಯೇ ಗ್ರಂಥಾಲಯಕ್ಕೆ ಬರಲು ಏನು ಮಾಡಬಹುದು?’ ಎಂದು ಕೇಳಿ ನೋಡಿ. ಯಾರು, ಯಾವಾಗ ಎಂಬುದು ಕಣ್ಣಿಗೆ ಕಟ್ಟಿದರೆ ಯೋಚನೆಗೆ ಹಿಡಿ ಸಿಗುತ್ತದೆ.

ಪ್ರತಿ ಹಾಳೆಯ ಮೇಲೆ ಪ್ರಶ್ನೆ ಬರೆದು, ಕೆಳಗೆ ಆರು ಸಾಲು, ಮೂರು ಅಂಕಣ ಎಳೆಯಿರಿ. ಹೆಸರು ಬೇಡ, ಮುಖ್ಯೋಪಾಧ್ಯಾಯರದ್ದು ಯಾವುದು, ಹೊಸದಾಗಿ ಸೇರಿದವರದ್ದು ಯಾವುದು ಎಂದು ತಿಳಿಯಬಾರದು. ಐದು ನಿಮಿಷದಲ್ಲಿ ಪ್ರತಿಯೊಬ್ಬರೂ ಮೊದಲ ಸಾಲು ತುಂಬಿ ಹಾಳೆಯನ್ನು ಬಲಗಡೆಯವರಿಗೆ ಕೊಡುತ್ತಾರೆ. ಅವರು ಮೇಲಿನದ್ದನ್ನು ಓದಿ, ಅದನ್ನು ಬೆಳೆಸಿ ಅಥವಾ ತಿರುವು ಕೊಟ್ಟು ಎರಡನೇ ಸಾಲು ತುಂಬುತ್ತಾರೆ. ಒಬ್ಬರು ‘ಪುಸ್ತಕಗಳನ್ನು ಮರದ ಕೆಳಗೆ ಇಡೋಣ’ ಎಂದಿದ್ದರೆ, ಮುಂದಿನವರು ‘ಬೆಳಗಿನ ಪ್ರಾರ್ಥನೆ ವೇಳೆ ಅರ್ಧ ಕಥೆ ಓದಿ, ಉಳಿದರ್ಧವನ್ನು ಮರದ ಕೆಳಗೆ ಇಡೋಣ’ ಎನ್ನಬಹುದು. ಆರು ಸುತ್ತಿಗೆ ಮೂವತ್ತು ನಿಮಿಷ, ಹಾಳೆಗೆ ಹದಿನೆಂಟರಂತೆ ಆರು ಹಾಳೆಯಲ್ಲಿ 108 ಐಡಿಯಾ. ಮಾತು ಪೂರ್ತಿ ನಿಷಿದ್ಧ.

ಒಂದೇ ಪದ ಬರೆದರೆ ಮುಂದಿನವರಿಗೆ ಅರ್ಥವಾಗದು. ಪೂರ್ಣ ವಾಕ್ಯ ಕೇಳಿ. ಮೂರನೇ ಸುತ್ತಿನ ಹೊತ್ತಿಗೆ ‘ಇನ್ನೇನೂ ಹೊಳೆಯುತ್ತಿಲ್ಲ’ ಎಂಬ ಮುಖಗಳು ಕಾಣಿಸುತ್ತವೆ. ದಯವಿಟ್ಟು ಆಗ ನಿಲ್ಲಿಸಬೇಡಿ. ಎಲ್ಲರಿಗೂ ಗೊತ್ತಿದ್ದದ್ದು ಈಗಷ್ಟೇ ಖಾಲಿಯಾಗಿದೆ, ಹೊಸತು ಬರಬೇಕಾದದ್ದು ಇನ್ನು ಮೇಲೆಯೇ. ಕೊನೆಯ ಸುತ್ತುಗಳಲ್ಲಿ ಓದುವುದು ಹೆಚ್ಚಿರುವುದರಿಂದ ಒಂದೆರಡು ನಿಮಿಷ ಜಾಸ್ತಿ ಕೊಡಿ.

ಉತ್ತಮ ಐಡಿಯಾಕ್ಕೆ ಬಹುಮಾನವೆಂದು ಮೊದಲೇ ಸಾರುವುದೂ ಬೇಡ. ಎಲ್ಲರೂ ತೀರ್ಪುಗಾರರಿಗೆ ಮೆಚ್ಚುಗೆಯಾಗುವುದನ್ನೇ ಬರೆಯತೊಡಗುತ್ತಾರೆ.

ಆಯ್ಕೆ ಮರುದಿನ ಮಾಡಿ. 108ರಲ್ಲಿ ಮರುಕಳಿಸಿದವನ್ನು ಒಟ್ಟುಗೂಡಿಸಿ, ಪ್ರತಿಯೊಬ್ಬರೂ ಮೂರಕ್ಕೆ ಗುರುತು ಹಾಕಲಿ. ಹೆಚ್ಚು ಗುರುತು ಪಡೆದದ್ದರ ಜೊತೆಗೆ, ಒಬ್ಬರೇ ಗುರುತು ಹಾಕಿದ ವಿಚಿತ್ರವಾದ ಒಂದನ್ನೂ ಒಂದು ವಾರ ಪ್ರಯೋಗಿಸಿ.