ಹಳೆ ಜಿಲೆಟ್ ರೇಜರ್ ಯಾವ ವರ್ಷದ್ದು? ನಾನು ನೋಡುವ ರೀತಿ

ಹಳೆ ಸೇಫ್ಟಿ ರೇಜರ್ ಕೈಗೆ ಬಂದರೆ ಮೊದಲು ಬಿಚ್ಚಿ ನೋಡುತ್ತೇನೆ. ಅದರ ಮೇಲಿರುವ ಪೇಟೆಂಟ್ ದಿನಾಂಕ ಆಮೇಲೆ. ಮಾರುವವರು ಮಾತ್ರ ಅದನ್ನೇ ಮೊದಲು ತೋರಿಸುತ್ತಾರೆ, ‘ನೋಡಿ ಸಾರ್, 1904 ಅಂತ ಬರೆದಿದೆ’ ಅಂತ. ಅದು ಕಂಪನಿ ಶುರು ಮಾಡಿದ ಕಿಂಗ್ ಜಿಲೆಟ್‌ಗೆ ಪೇಟೆಂಟ್ ಸಿಕ್ಕ ದಿನ, 1904ರ ನವೆಂಬರ್ 15. ಆಮೇಲೆ ಎಷ್ಟೋ ವರ್ಷ ತಯಾರಾದ ರೇಜರ್‌ಗಳ ಮೇಲೂ ಅದೇ ದಿನಾಂಕ ಇದೆ. ಅದಕ್ಕಿಂತ ಹಳೆಯದಲ್ಲ ಅನ್ನೋದಷ್ಟೇ ಅದರಿಂದ ಗೊತ್ತಾಗುತ್ತದೆ. 1920ರ ಜನವರಿ 13 ಅಂತಿದ್ದರೂ ಅಷ್ಟೇ. ಆ ಪೇಟೆಂಟಿನ ‘ನ್ಯೂ ಇಂಪ್ರೂವ್ಡ್’ ರೇಜರ್ ಮಾರುಕಟ್ಟೆಗೆ ಬಂದದ್ದೇ 1921ರಲ್ಲಿ.

ಆಕಾರ ಜಾಸ್ತಿ ಹೇಳುತ್ತದೆ. 1930ರಲ್ಲಿ ಜಿಲೆಟ್ ಬ್ಲೇಡನ್ನೇ ಬದಲಾಯಿಸಿತು. ಮೂರು ದುಂಡು ತೂತು ಹೋಗಿ ಮಧ್ಯೆ ಉದ್ದನೆಯ ಸೀಳು ಬಂತು, ನಾಲ್ಕೂ ಮೂಲೆ ಕತ್ತರಿಸಿಕೊಂಡವು. ಇವತ್ತು ನಾವು ಅಂಗಡಿಯಲ್ಲಿ ತರುವ ಬ್ಲೇಡಿನ ಮೂಲೆ ಹಾಗಿರುವುದು ಅದರಿಂದಲೇ. ಬ್ಲೇಡಿನ ಜೊತೆಗೆ ರೇಜರಿನ ತಲೆಯೂ ಬದಲಾಯಿತು. ಹಾಗಾಗಿ ತಲೆ ನೋಡಿದರೆ 1930ರ ಆಚೆಯದೋ ಈಚೆಯದೋ ತಿಳಿಯುತ್ತದೆ. ಮೂವತ್ತರ ದಶಕದ ಕೊನೆಗೆ ‘ಟೆಕ್’ ಅನ್ನೋ ಮಾಡೆಲ್ ಬಂತು. ಅದರಲ್ಲಿ ಬ್ಲೇಡಿನ ಕೆಳಗೆ ಬಾಚಣಿಗೆ ಹಲ್ಲಿನ ಬದಲು ನೇರ ಪಟ್ಟಿ. ತಳದಲ್ಲಿ ತ್ರಿಕೋನದ ತೂತುಗಳಿದ್ದರೆ ಸಾಮಾನ್ಯವಾಗಿ ಶುರುವಿನ ಟೆಕ್‌ಗಳು ಅಂತಲೇ ಲೆಕ್ಕ.

ನನಗೆ ತುಂಬಾ ಖುಷಿ ಕೊಡುವುದು 1951ರಿಂದ ಈಚಿನವು, ಅಮೆರಿಕದಲ್ಲಿ ತಯಾರಾದವು. ತಲೆಯ ಅಡಿಭಾಗದಲ್ಲಿ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ಯಾವ ಮೂರು ತಿಂಗಳು ಅನ್ನೋದಕ್ಕೆ. ಡಬ್ಲ್ಯೂ ಅಂದರೆ 1951, ಝಡ್ ಅಂದರೆ 1954, 1955ಕ್ಕೆ ಮತ್ತೆ ಎ. ನನ್ನ ‘ಫ್ಯಾಟ್‌ಬಾಯ್’ ಮಾಡೆಲ್ ಮೇಲೆ ಇ-2 ಇದೆ, ಅಂದರೆ 1959ರ ಏಪ್ರಿಲ್‌ನಿಂದ ಜೂನ್ ಒಳಗೆ ಮಾಡಿದ್ದು. ಸೋಪಿನ ಕಿಟ್ಟ ತುಂಬಿಕೊಂಡಿದ್ದರೆ ಅಕ್ಷರ ಕಾಣಿಸುವುದೇ ಇಲ್ಲ. ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಗೀರಿನ ನೆರಳಲ್ಲಿ ಅಕ್ಷರ ಎದ್ದು ಕಾಣುತ್ತದೆ. ಹುಣಸೆಹಣ್ಣು, ಪಾತ್ರೆ ಪುಡಿ ಮಾತ್ರ ಬೇಡವೇ ಬೇಡ. ಚಿನ್ನದ ಲೇಪ ಬಹಳ ತೆಳು, ಹೋದರೆ ಹೋಯ್ತು. ಇನ್ನೊಂದು ಮಾತು, ಎಪ್ಪತ್ತರ ದಶಕದ ಕೊನೆಗೆ ಅಕ್ಷರಗಳು ಮರುಕಳಿಸುತ್ತವೆ. ಅದಕ್ಕೇ ಮಾಡೆಲ್ ಯಾವುದು ಅಂತ ಮೊದಲು ಗುರುತು ಹಿಡಿಯಬೇಕು. ಹಿಡಿಯ ತುದಿ ಕೆಂಪಗಿರುವ ‘ಸೂಪರ್ ಸ್ಪೀಡ್’ ಮಾಡೆಲ್ ಆದರೆ 1955ಕ್ಕಿಂತ ಹಿಂದಿನದಲ್ಲ.

ಮೂರು ತುಂಡಿನ ರೇಜರ್‌ಗಳಲ್ಲಿ ಹಿಡಿ ಅದಲು ಬದಲಾಗಿರುವುದು ಮಾಮೂಲಿ, ತಿರುಪು ಸರಿಯಾಗಿ ಕೂತರೆ ಯಾರಿಗೂ ಅನುಮಾನ ಬರುವುದಿಲ್ಲ ಅಲ್ವಾ. ನಾನು ತಲೆ, ತಳ, ಹಿಡಿ ಮೂರನ್ನೂ ಪಕ್ಕಪಕ್ಕ ಇಟ್ಟು ಸವೆತ ನೋಡುತ್ತೇನೆ. ತಲೆಯ ಲೇಪ ಹೋಗಿ ಹಿತ್ತಾಳೆ ಕಾಣುತ್ತಿದ್ದು ಹಿಡಿ ಮಾತ್ರ ಹೊಸದರಂತೆ ಹೊಳೆಯುತ್ತಿದ್ದರೆ, ಅವೆರಡೂ ಒಟ್ಟಿಗೆ ಬಾಳಿದವಲ್ಲ ಅನ್ನೋ ಅನುಮಾನ ಗಟ್ಟಿಯಾಗುತ್ತದೆ. ಡಬ್ಬಿಯನ್ನಂತೂ ಸಾಕ್ಷಿಗೆ ತೆಗೆದುಕೊಳ್ಳುವುದೇ ಇಲ್ಲ. ನನ್ನ ಪಟ್ಟಿಯಲ್ಲಿ ಕೋಡ್ ಓದಲು ಸಿಕ್ಕಿದ್ದಕ್ಕೆ ಮಾತ್ರ ವರ್ಷ ಬರೆಯುತ್ತೇನೆ. ಉಳಿದದ್ದಕ್ಕೆ ‘1921–30ರ ನಡುವೆ’ ಅನ್ನೋ ಥರ ಅಂದಾಜು ಬರೆದು, ಯಾವ ಗುರುತು ನೋಡಿ ಹಾಗಂದೆ ಅನ್ನೋದನ್ನೂ ಪಕ್ಕದಲ್ಲೇ ಸೇರಿಸುತ್ತೇನೆ.