ಊರಿನ ಅಮೂರ್ತ ಕಲಾವಿದರ ರೆಟ್ರೋಸ್ಪೆಕ್ಟಿವ್ ಮಾಡುವುದು ಹೇಗೆ

ಶಿವಮೊಗ್ಗದಲ್ಲೋ ಸಾಗರದಲ್ಲೋ ಜೀವಮಾನವಿಡೀ ಅಮೂರ್ತ ಚಿತ್ರ ಬರೆದ ಹಿರಿಯರೊಬ್ಬರಿದ್ದಾರೆ, ಅವರ ಅಷ್ಟೂ ವರ್ಷಗಳ ಕೆಲಸವನ್ನು ಒಂದೇ ಕಡೆ ತೋರಿಸಬೇಕು ಅಂತಿದ್ದೀರಾ? ಹಾಲ್ ಆಮೇಲೆ ಬುಕ್ ಮಾಡಿ. ಮೊದಲು ಅವರ ಮನೆಯ ಅಟ್ಟ ಹತ್ತಿ.

ಕ್ಯಾನ್ವಾಸ್‌ಗಳನ್ನು ಒಂದೊಂದಾಗಿ ಇಳಿಸಿ, ಜಗುಲಿಯ ಬೆಳಕಿನಲ್ಲಿ ಹಿಂದೆ ಮುಂದೆ ಎರಡೂ ಫೋಟೋ ತೆಗೆಯಿರಿ. ಇಸವಿ, ಅಳತೆ, ಮೇಲ್ಭಾಗ ಯಾವುದು ಅಂತ ಬರೆದಿಡಿ. ನಗಬೇಡಿ, ಗುಡ್ಡ ಮರ ಇಲ್ಲದ ಚಿತ್ರಕ್ಕೆ ತಲೆ ಯಾವುದು ಕಾಲು ಯಾವುದು ಅಂತ ಬರೆದವರೇ ಹೇಳಬೇಕು, ಅವರಿರುವಾಗಲೇ ಕೇಳಿಟ್ಟುಕೊಳ್ಳಬೇಕು. ಕ್ಯಾನ್ವಾಸಿನ ಬೆನ್ನಿಗೆ ಬಾಲ್‌ಪೆನ್ ತಾಗಿಸಬೇಡಿ, ಒತ್ತಿದ ಗುರುತು ಮುಂದೆ ಮೂಡುತ್ತದೆ. ಹಿಂದಿನ ಮರದ ಪಟ್ಟಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿದರೆ ಸಾಕು.

ನಮ್ಮ ಕಡೆ ದೊಡ್ಡ ಕಾಟ ಬೂಷ್ಟು. ಬೂಷ್ಟು ಹಿಡಿದದ್ದನ್ನು ಬೇರೆ ಇಟ್ಟು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಅಡಿಕೆಯ ಹಾಗೆ ಬಿಸಿಲಿಗೆ ಹರವಬೇಡಿ, ಒದ್ದೆ ಬಟ್ಟೆಯಲ್ಲಂತೂ ಒರೆಸಲೇಬೇಡಿ. ಪ್ರದರ್ಶನವೂ ಅಷ್ಟೆ, ಮಳೆಗಾಲ ಬೇಡ, ಡಿಸೆಂಬರ್ ಕಳೆದ ಮೇಲೆ ಇಟ್ಟುಕೊಳ್ಳಿ.

ಇನ್ನು ಆಯ್ಕೆ. ಸಾಮಾನ್ಯವಾಗಿ ಇತ್ತೀಚಿನ ದೊಡ್ಡ ಚಿತ್ರಗಳನ್ನಷ್ಟೇ ತೂಗುಹಾಕಿ ಕೈತೊಳೆದುಕೊಳ್ಳುತ್ತಾರೆ. ಚಿತ್ರಕಲಾವಿದ ಎಸ್. ಎಚ್. ರಜಾ ಅಂದರೆ ಎಲ್ಲರಿಗೂ ಅವರ ಬಿಂದು, ಅಂದರೆ ಆ ದೊಡ್ಡ ಕಪ್ಪು ವೃತ್ತ, ನೆನಪಾಗುತ್ತದೆ ಅಲ್ವಾ? ಆದರೆ ಅವರು ಅರಣ್ಯ ಇಲಾಖೆ ನೌಕರರ ಮಗ, ಮಧ್ಯಪ್ರದೇಶದ ಕಾಡಂಚಿನಲ್ಲಿ ಬೆಳೆದವರು, 1950ರಲ್ಲಿ ಫ್ರಾನ್ಸ್‌ಗೆ ಹೋಗಿ ಅಲ್ಲಿನ ಊರು, ಮನೆ, ಚರ್ಚ್ ಬರೆಯುತ್ತಿದ್ದವರು. ಬಿಂದು ಅವರ ಕೆಲಸದ ನಡುವಿಗೆ ಬಂದು ಕೂತದ್ದು 1980ರ ಹೊತ್ತಿಗೆ. ಆ ಮೂವತ್ತು ವರ್ಷ ಬಿಟ್ಟು ಬರೀ ಬಿಂದು ತೋರಿಸಿದರೆ ನೋಡುವವರಿಗೆ ಸುಮ್ನೆ ಒಂದು ಕಪ್ಪು ವೃತ್ತ ಕಾಣುತ್ತದೆ, ಅಷ್ಟೇ.

ಹಾಗಾಗಿ ನಿಮ್ಮ ಹಿರಿಯರು ಶುರುವಿನಲ್ಲಿ ತುಂಗಾ ಹೊಳೆ, ತೋಟ ಬರೆದಿದ್ದರೆ, "ಅದೆಲ್ಲ ಹುಡುಗಾಟ, ಬಿಡಿ" ಅಂದರೂ ಕಾಡಿ ಬೇಡಿ ತೆಗೆಸಿಕೊಂಡು ಬಾಗಿಲ ಬಳಿಯೇ ಹಾಕಿ. ಮುಂದೆ ಇಸವಿ ಪ್ರಕಾರ ಹೋಗಿ. ಅರ್ಧ ಮರ ಅರ್ಧ ಗೆರೆ ಆಗಿರುವ ನಡುವಿನ ಚಿತ್ರಗಳಿವೆಯಲ್ಲ, ಮಾರಾಟವಾಗದೆ ಉಳಿದವು, ಅವಕ್ಕೆ ಎಲ್ಲಕ್ಕಿಂತ ಜಾಸ್ತಿ ಗೋಡೆ ಕೊಡಿ.

ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿಗೆ ಬರಲಿ. ಗೋಡೆ ತಂಪಿದ್ದರೆ ಹಿಂದೆ ಚಿಕ್ಕ ಮರದ ತುಂಡು ಕೊಟ್ಟು ಗಾಳಿಗೆ ಜಾಗ ಬಿಡಿ. ಚೀಟಿಯಲ್ಲಿ ಇಸವಿ, ಮಾಧ್ಯಮ ಸಾಕು, "ಇದು ಆಗುಂಬೆಯ ಮಳೆ" ಅಂತೆಲ್ಲ ಅರ್ಥ ಬರೆಯಲು ಹೋಗಬೇಡಿ. ಉದ್ಘಾಟನೆಯ ಭಾಷಣ ಮಾತ್ರ ಬೇಗ ಮುಗಿಸಿ, ಇಲ್ಲದಿದ್ದರೆ ಬಂದವರು ಕುರ್ಚಿಯಲ್ಲೇ ಕಾಫಿ ಕುಡಿದು, ಚಿತ್ರ ನೋಡದೆ ಬಸ್ಸಿಗೆ ಹೊರಟುಬಿಡುತ್ತಾರೆ.