ಸಚಿವರು ಎದ್ದು ನಿಲ್ಲುವ ಮೊದಲು

ಸಂಸತ್ತಿನ ಪ್ರಶ್ನೆಗಳಿಗೆ ಸಚಿವರ ಹೆಸರಿನಲ್ಲಿ ಉತ್ತರ ಬರೆದುಕೊಡುವುದು ಹಲವು ವರ್ಷ ನನ್ನ ಕೆಲಸವಾಗಿತ್ತು. ಮೊದಲು ರಕ್ಷಣಾ ಸಚಿವಾಲಯದ ಒಂದು ಶಾಖೆಯಲ್ಲಿದ್ದೆ. ಆಮೇಲೆ ಹೊರದೇಶದಲ್ಲಿರುವ ಭಾರತೀಯರ ವಿಷಯ ನೋಡಿಕೊಳ್ಳುತ್ತಿದ್ದ ಸಚಿವಾಲಯಕ್ಕೆ ಹೋದೆ. 2016ರ ಜನವರಿಯಲ್ಲಿ ಅದನ್ನು ವಿದೇಶಾಂಗ ಸಚಿವಾಲಯದೊಳಗೆ ಸೇರಿಸಿದರು. ಫೈಲುಗಳ ಜೊತೆ ನಾನೂ ಆ ಕಡೆ ಹೋದೆ. ಎಸ್.ಎಂ. ಕೃಷ್ಣ ಅವರು 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿದ್ದಾಗ ನಾನಿನ್ನೂ ರಕ್ಷಣಾ ಇಲಾಖೆಯಲ್ಲೇ ಇದ್ದೆ. ಆದರೂ ಊರಿಗೆ ಹೋದರೆ ಸಾಕು, 'ಸಾಹೇಬ್ರಿಗೆ ನೀವೇ ಬರೆದುಕೊಡೋದಂತೆ' ಅನ್ನುತ್ತಿದ್ದರು. ಅಲ್ಲ ಅಂದರೂ ಯಾರೂ ನಂಬುತ್ತಿರಲಿಲ್ಲ.

ದೆಹಲಿಯ ಕಚೇರಿಗಳಲ್ಲಿ ಇದಕ್ಕೆ 'ಪಿಕ್ಯೂ', ಅಂದರೆ ಪಾರ್ಲಿಮೆಂಟ್ ಕ್ವೆಶ್ಚನ್, ಅಂತಾರೆ. ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಎಲ್ಲರೂ ರಜೆ ಅರ್ಜಿ ವಾಪಸ್ ತೆಗೆದುಕೊಳ್ಳುತ್ತಿದ್ದರು.

ಹೊರಗಿನವರಿಗೆ ಗೊತ್ತಿರಲಿ ಅಂತ ಲೆಕ್ಕ ಹೇಳಿಬಿಡುತ್ತೇನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ಯಾರ ಪ್ರಶ್ನೆ ಮೊದಲು ಅನ್ನುವುದು ಚೀಟಿ ಎತ್ತಿದಂತೆ ಬ್ಯಾಲಟ್‌ನಲ್ಲಿ ತೀರ್ಮಾನ. ಒಂದೊಂದು ಸಚಿವಾಲಯಕ್ಕೂ ವಾರದಲ್ಲಿ ಒಂದು ದಿನ. ಈಚಿನ ವರ್ಷಗಳಲ್ಲಿ ವಿದೇಶಾಂಗಕ್ಕೆ ಲೋಕಸಭೆಯಲ್ಲಿ ಶುಕ್ರವಾರ, ರಾಜ್ಯಸಭೆಯಲ್ಲಿ ಗುರುವಾರ. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಕೊಟ್ಟರೆ ಕೆಲಸ ಮುಗಿಯಿತು. ಚುಕ್ಕೆ ಗುರುತಿನದ್ದಾದರೆ ಸಚಿವರು ಸದನದಲ್ಲಿ ಎದ್ದು ನಿಲ್ಲಬೇಕು. ಉತ್ತರ ಮೊದಲೇ ಹಂಚಿರುವುದರಿಂದ 'ಹೇಳಿಕೆಯನ್ನು ಸದನದ ಮುಂದೆ ಇಟ್ಟಿದ್ದೇನೆ' ಎಂಬ ಒಂದು ಸಾಲು ಹೇಳಿದರೆ ಸಾಕು. ನಿಜವಾದ ಆಟ ಆಮೇಲೆ. ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆ ಕೇಳುವ ಅವಕಾಶ ಇದೆ. ಅವರ ಬೆನ್ನಿಗೆ ಬೇರೆ ಸದಸ್ಯರೂ ಕೈ ಎತ್ತುತ್ತಾರೆ. ಹಾಗಾಗಿ ಒಂದು ಗಂಟೆಯಲ್ಲಿ ಆ 20ರಲ್ಲಿ ನಾಲ್ಕೈದು ಬಾಯಿಮಾತಿನಲ್ಲಿ ಚರ್ಚೆಯಾದರೆ ಹೆಚ್ಚು.

ಅದಕ್ಕೇ ನಾನು ಉತ್ತರವನ್ನು ಹಿಂದಿನಿಂದ ಬರೆಯುತ್ತಿದ್ದೆ. ಪ್ರಶ್ನೆ ಕೈಗೆ ಬಂದ ಕೂಡಲೇ ಖಾಲಿ ಹಾಳೆಯಲ್ಲಿ, ಈ ಸದಸ್ಯರು ಎದ್ದು ನಿಂತು ಕೇಳಬಹುದಾದ ಎರಡನೇ ಉಪಪ್ರಶ್ನೆ ಯಾವುದು ಅಂತ ಬರೆದುಕೊಳ್ಳುತ್ತಿದ್ದೆ. ಯಾವ ಕ್ಷೇತ್ರದವರು, ಹಿಂದಿನ ಅಧಿವೇಶನದಲ್ಲಿ ಏನು ಕೇಳಿದ್ದರು, ಆ ವಾರ ಅವರ ಜಿಲ್ಲೆಯ ಪತ್ರಿಕೆಯಲ್ಲಿ ಏನು ಬಂದಿದೆ ಅಂತ ನೋಡುತ್ತಿದ್ದೆ. ಕರಾವಳಿಯ ಸದಸ್ಯರು ಕೊಲ್ಲಿಯಲ್ಲಿರುವ ಕಾರ್ಮಿಕರ ವಿಮೆ ಬಗ್ಗೆ ಪ್ರಶ್ನೆ ಹಾಕಿದ್ದರೆ ಅವರ ಮನಸ್ಸಿನಲ್ಲಿರುವುದು ವಿಮೆ ಅಲ್ಲ. ಯಾರೋ ಒಬ್ಬ ಹುಡುಗ ಸಂಬಳ ಸಿಗದೆ, ಪಾಸ್‌ಪೋರ್ಟ್ ಮಾಲೀಕನ ಕೈಲಿ ಸಿಕ್ಕಿಹಾಕಿಕೊಂಡು ಕೂತಿದ್ದಾನೆ. ಅವನ ಮನೆಯವರು ಸಂಸದರ ಕಚೇರಿಗೆ ಅಲೆಯುತ್ತಿದ್ದಾರೆ. ಇದು ಊಹೆ, ಆದರೆ ಬಹಳ ಸಲ ಸರಿ ಹೋಗುತ್ತಿತ್ತು.

ಒಂದು ಉತ್ತರ ಹೇಗೆ ತಯಾರಾಗುತ್ತದೆ ಅಂತ ತೋರಿಸುತ್ತೇನೆ. ಹೊರದೇಶದ ಜೈಲುಗಳಲ್ಲಿರುವ ಭಾರತೀಯರ ಬಗ್ಗೆ ಪ್ರತಿ ಅಧಿವೇಶನದಲ್ಲೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. (ಎ) ಎಷ್ಟು ಜನ ಇದ್ದಾರೆ, ದೇಶವಾರು, ರಾಜ್ಯವಾರು ವಿವರ ಕೊಡಿ. (ಬಿ) ಯಾವ ಅಪರಾಧ. (ಸಿ) ಬಿಡಿಸಲು ಸರ್ಕಾರ ಏನು ಮಾಡಿದೆ. ನೋಡಿದರೆ ಸುಲಭ. ಆದರೆ ಅಂಕಿ ಬರಬೇಕಾದ್ದು ಅಷ್ಟೂ ದೇಶಗಳ ರಾಯಭಾರ ಕಚೇರಿಗಳಿಂದ. ಒಂದು ಕಚೇರಿ ಕಳೆದ ತಿಂಗಳ ಲೆಕ್ಕ ಕಳಿಸುತ್ತದೆ, ಇನ್ನೊಂದು ನಿನ್ನೆಯದ್ದು. ಕೆಲವು ವಿಚಾರಣಾಧೀನ ಕೈದಿಗಳನ್ನೂ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಅದಕ್ಕೇ ಪಟ್ಟಿಯ ತಲೆಯ ಮೇಲೆ 'ಇಂಥ ದಿನಾಂಕಕ್ಕೆ ಇದ್ದಂತೆ' ಅಂತ ಹಾಕದೆ ನಾನು ಒಂದು ಅಂಕಿಯನ್ನೂ ಮುಂದಕ್ಕೆ ಬಿಡುತ್ತಿರಲಿಲ್ಲ. ಜೊತೆಗೆ ಒಂದು ವಾಕ್ಯ ಖಾಯಂ: ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿ ಇರುವುದರಿಂದ, ಕೈದಿ ತಾನೇ ಒಪ್ಪದ ಹೊರತು ಅಲ್ಲಿನ ಅಧಿಕಾರಿಗಳು ಮಾಹಿತಿ ಕೊಡುವುದಿಲ್ಲ. ಓದಿದವರು ಇದನ್ನು ಜಾರಿಕೊಳ್ಳುವ ಮಾತು ಅಂದುಕೊಳ್ಳುತ್ತಾರೆ. ಅಲ್ಲ. ಯುರೋಪಿನ ಎಷ್ಟೋ ಕಡೆ ನಿಜವಾಗಿ ಹಾಗೇ ಇದೆ.

ಪಾಕಿಸ್ತಾನದ ವಿಷಯದಲ್ಲಿ ಮಾತ್ರ ಲೆಕ್ಕ ಅಚ್ಚುಕಟ್ಟು. ಅದೊಂದು ವಿಚಿತ್ರ. 2008ರ ಒಪ್ಪಂದದಂತೆ ಎರಡೂ ದೇಶಗಳು ಪ್ರತಿ ಜನವರಿ 1 ಮತ್ತು ಜುಲೈ 1ರಂದು ಪರಸ್ಪರರ ಕೈದಿಗಳ ಪಟ್ಟಿ ಕೊಟ್ಟುಕೊಳ್ಳುತ್ತವೆ. ಮೀನುಗಾರರು ಬೇರೆ, ಉಳಿದವರು ಬೇರೆ. ಸಂಬಂಧ ಎಷ್ಟೇ ಕೆಟ್ಟಿರಲಿ, ಆ ಪಟ್ಟಿ ನಿಂತಿದ್ದು ನಾನು ನೋಡಿಲ್ಲ.

ಇನ್ನು ರಾಜ್ಯವಾರು ವಿವರ. ಆ ರೀತಿ ದಾಖಲೆ ಇಟ್ಟಿಲ್ಲ ಅಂತಲೇ ಉತ್ತರ. ಆದರೆ ಉಪಪ್ರಶ್ನೆ ಬರುವುದೇ ಅಲ್ಲಿಂದ: 'ನಮ್ಮ ರಾಜ್ಯದವರು ಎಷ್ಟು?' ಅದಕ್ಕೆ ಸಚಿವರ ಕೈಯಲ್ಲಿ ಬೇರೆ ಏನಾದರೂ ಇರಬೇಕು. ಶಿಕ್ಷೆಯಾದವರನ್ನು ಇಲ್ಲಿಗೆ ತಂದು ಇಲ್ಲಿನ ಜೈಲಿನಲ್ಲಿ ಇಡಲು 2003ರಲ್ಲೇ ಒಂದು ಕಾಯ್ದೆ ಆಗಿದೆ. ಅದಕ್ಕೆ ಆ ದೇಶದ ಜೊತೆ ಒಪ್ಪಂದ ಬೇಕು, ತೀರ್ಪು ಅಂತಿಮವಾಗಿರಬೇಕು, ಕೈದಿಯೇ ಒಪ್ಪಬೇಕು. ಬಡವರಿಗೆ ವಕೀಲರನ್ನು ಹಿಡಿಯಲು, ತೀರಿಕೊಂಡವರ ದೇಹ ತರಿಸಲು 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ದೂರು ಕೊಡಲು 2015ರಿಂದ 'ಮದದ್' ಪೋರ್ಟಲ್ ಇದೆ. ಇವೆಲ್ಲ ಮೂಲ ಉತ್ತರದಲ್ಲಿ ಇರುವುದಿಲ್ಲ, 'ಪ್ಯಾಡ್'ನಲ್ಲಿ ಇರುತ್ತವೆ.

ಪ್ಯಾಡ್ ಅಂದರೆ ಉಪಪ್ರಶ್ನೆಗಳಿಗಾಗಿ ಸಚಿವರ ಕೈಗೆ ಕೊಡುವ ಟಿಪ್ಪಣಿ. ನನ್ನ ಕೇಳಿದರೆ ಈ ಕೆಲಸದಲ್ಲಿ ಮುಕ್ಕಾಲು ಭಾಗ ಅದೇ. ಹೊಸಬರು ಅದನ್ನು 30 ಪುಟದ ಪ್ರಬಂಧ ಮಾಡಿ ಕೊಡುತ್ತಾರೆ. ಸದನದಲ್ಲಿ ಗಲಾಟೆ, ಸ್ಪೀಕರ್ 'ಮಾನ್ಯ ಸಚಿವರೇ' ಅಂದಾಗಿದೆ. ಆ ಹೊತ್ತಿನಲ್ಲಿ ಯಾರು 17ನೇ ಪುಟ ಹುಡುಕುತ್ತಾರೆ ಹೇಳಿ? ನಾನು ಒಂದು ವಿಷಯಕ್ಕೆ ಒಂದೇ ಹಾಳೆ ಇಡುತ್ತಿದ್ದೆ. ಮೇಲೆ ದಪ್ಪ ಅಕ್ಷರದಲ್ಲಿ ಪ್ರಶ್ನೆ, ಕೆಳಗೆ ಎರಡು ವಾಕ್ಯದ ಉತ್ತರ, ಬಲಗಡೆ ಅಂಕಿ. ಬದಿಯಲ್ಲಿ ಬಣ್ಣದ ಚೀಟಿ ಅಂಟಿಸಿ ದೇಶದ ಹೆಸರು. ಒಬ್ಬ ಸಚಿವರಿಗೆ ಪ್ರಶ್ನೋತ್ತರದ ರೂಪ ಇಷ್ಟ. ಇನ್ನೊಬ್ಬರು ಎಲ್ಲವನ್ನೂ ಹಿಂದಿನ ಸಂಜೆ ನಮ್ಮ ಬಾಯಿಂದಲೇ ಕೇಳಿಸಿಕೊಂಡು, ತಾವೇ ಪೆನ್ಸಿಲ್‌ನಲ್ಲಿ ನಾಲ್ಕು ಪದ ಬರೆದುಕೊಳ್ಳುತ್ತಿದ್ದರು. ಅಂಥವರು ಸದನದಲ್ಲಿ ಚೆನ್ನಾಗಿ ಮಾತಾಡುತ್ತಿದ್ದರು.

ಆ ದಿನ ನಾವು ಅಧಿಕಾರಿಗಳ ಗ್ಯಾಲರಿಯಲ್ಲಿ ಕೂರುತ್ತೇವೆ. ಪ್ಯಾಡ್‌ನಲ್ಲಿ ಇಲ್ಲದ್ದು ಏನಾದರೂ ಬಂದರೆ ಚೀಟಿ ಕಳಿಸಬೇಕು. ಚೀಟಿಯಲ್ಲಿ ವಾಕ್ಯ ಬರೆಯಬಾರದು. ದೇಶ, ಅಂಕಿ, ದಿನಾಂಕ, ಅಷ್ಟೇ. ಅಕ್ಷರ ದೊಡ್ಡದಿರಬೇಕು. ಗೊತ್ತಿಲ್ಲದಿದ್ದರೆ ಸುಮ್ನೆ ಕೂರಬೇಕು. ಸಚಿವರು 'ಮಾಹಿತಿಯನ್ನು ಮಾನ್ಯ ಸದಸ್ಯರಿಗೆ ಕಳಿಸಿಕೊಡುತ್ತೇನೆ' ಅನ್ನುತ್ತಾರೆ. ಅಂದಾಜಿನ ಅಂಕಿಗಿಂತ ಅದು ಸಾವಿರ ಪಾಲು ವಾಸಿ. ಸದನದಲ್ಲಿ ತಪ್ಪು ಅಂಕಿ ಹೇಳಿದರೆ ಆಮೇಲೆ ಅದೇ ಸದನದಲ್ಲಿ ತಿದ್ದುಪಡಿ ಹೇಳಿಕೆ ಕೊಡಬೇಕಾಗುತ್ತದೆ.

ಒಂದು ಸಚಿವಾಲಯಕ್ಕೆ ಹಾಕಿದ ಪ್ರಶ್ನೆ ಇನ್ನೊಂದರ ಅಂಗಳಕ್ಕೆ ಜಾರುವುದೂ ಸಾಮಾನ್ಯ. 2022ರಲ್ಲಿ ಉಕ್ರೇನ್‌ನಿಂದ ಆಪರೇಷನ್ ಗಂಗಾದಲ್ಲಿ ಸುಮಾರು 22,500 ಜನರನ್ನು ಕರೆತಂದರು. ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ತೀರಿಕೊಂಡಿದ್ದ. ಆ ಮಾರ್ಚ್‌ನಲ್ಲಿ ಎರಡೂ ಸದನಗಳಲ್ಲಿ ವಿದೇಶಾಂಗ ಸಚಿವರು ಹೇಳಿಕೆ ಕೊಟ್ಟರು. ಎಷ್ಟು ವಿಮಾನ, ಯಾವ ಗಡಿಯಿಂದ ಅನ್ನುವುದಕ್ಕೆಲ್ಲ ನಮ್ಮ ಹತ್ತಿರ ಉತ್ತರ ಇತ್ತು. ಆದರೆ ಎಲ್ಲ ಸದಸ್ಯರಿಗೂ ಬೇಕಾಗಿದ್ದು ಒಂದೇ: ಈ ಮಕ್ಕಳ ಎಂಬಿಬಿಎಸ್ ಗತಿ ಏನು? ಅದು ಆರೋಗ್ಯ ಸಚಿವಾಲಯ ಮತ್ತು ರಾಷ್ಟ್ರೀಯ ವೈದ್ಯಕೀಯ ಆಯೋಗದ ವಿಷಯ. 'ಇದು ನಮಗೆ ಸೇರಿದ್ದಲ್ಲ' ಅಂತ ಹೇಳುವುದು ನಿಯಮದಂತೆ ಸರಿ. ಆದರೆ ಮಗ ಬಂಕರ್‌ನಲ್ಲಿ ಕೂತು ಬಂದಿರುವ ಅಪ್ಪ ಅಮ್ಮ ಟೀವಿ ನೋಡುತ್ತಿರುತ್ತಾರೆ, ಅಲ್ವಾ? ಇಂಥ ಕಡೆ ಪಕ್ಕದ ಸಚಿವಾಲಯದಿಂದ ಮೊದಲೇ ನಾಲ್ಕು ಸಾಲು ತರಿಸಿ ಪ್ಯಾಡ್‌ಗೆ ಹಾಕಿಕೊಳ್ಳುವುದು ರೂಢಿ ಮಾಡಿಕೊಂಡೆ. ಮರುವರ್ಷ ಸುಡಾನ್‌ನಲ್ಲಿ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಕೊಂಡಾಗಲೂ ಅಷ್ಟೆ. ಆಪರೇಷನ್ ಕಾವೇರಿಯಲ್ಲಿ ಅವರು ವಾಪಸ್ ಬಂದರು. ಆದರೆ ತೈಲ, ಗಿಡಮೂಲಿಕೆ ಮಾರಿಕೊಂಡು ಬದುಕುವವರು ಊರಿಗೆ ಬಂದ ಮೇಲೆ ಹೊಟ್ಟೆಪಾಡಿಗೆ ಏನು ಮಾಡಬೇಕು ಅನ್ನುವುದಕ್ಕೆ ನಮ್ಮ ಯಾವ ಫೈಲಿನಲ್ಲೂ ಉತ್ತರ ಇರಲಿಲ್ಲ.

ರಕ್ಷಣೆಯ ಕಡೆ ಕಷ್ಟ ಬೇರೆ ಥರ. ಅಲ್ಲಿ 'ಮಾಹಿತಿ ಸೂಕ್ಷ್ಮವಾದದ್ದು, ಬಹಿರಂಗ ಮಾಡುವುದು ದೇಶದ ಭದ್ರತೆಯ ಹಿತದೃಷ್ಟಿಯಿಂದ ಸರಿಯಲ್ಲ' ಎಂಬ ವಾಕ್ಯ ಇದೆ. ಬಹಳ ಅನುಕೂಲದ ವಾಕ್ಯ. ಸೋಮಾರಿಗಳಿಗಂತೂ ಇನ್ನೂ ಅನುಕೂಲ. ನಾನು ಅದನ್ನು ಬರೆಯುವ ಮೊದಲು ಮೂರು ಕಡೆ ಹುಡುಕುತ್ತಿದ್ದೆ: ರಕ್ಷಣಾ ಸ್ಥಾಯಿ ಸಮಿತಿಯ ವರದಿ, ಸಿಎಜಿ ವರದಿ, ಬಜೆಟ್ ದಾಖಲೆ. ಸರ್ಕಾರವೇ ಒಂದು ಕಡೆ ಅಚ್ಚು ಹಾಕಿಸಿದ ಅಂಕಿಯನ್ನು ಇನ್ನೊಂದು ಕಡೆ ಗುಟ್ಟು ಅಂದರೆ ಸದಸ್ಯರು ಆ ವರದಿ ಎತ್ತಿ ಹಿಡಿದು ಓದುತ್ತಾರೆ. ಆಮೇಲೆ ಸಚಿವರ ಮುಖ ನೋಡಲಾಗುವುದಿಲ್ಲ. ನಿಜವಾಗಿ ಗುಟ್ಟಿನದ್ದು, ಅಂದರೆ ಮದ್ದುಗುಂಡಿನ ದಾಸ್ತಾನು, ಸೇನೆ ಎಲ್ಲಿ ಎಷ್ಟು ಅನ್ನುವಂಥದ್ದು ಬಂದರೆ ಆ ಭಾಗಕ್ಕೆ ಮಾತ್ರ ಆ ವಾಕ್ಯ. ಉಳಿದ ಭಾಗಕ್ಕೆ ಬಿಡಿಸಿ ಉತ್ತರ. (ಎ)ಯಿಂದ (ಇ)ವರೆಗೆ ಎಲ್ಲ ಒಟ್ಟಿಗೆ ಕಟ್ಟಿ 'ಸೂಕ್ಷ್ಮ' ಅನ್ನುವುದು ನನಗೆ ಹಿಡಿಸುತ್ತಿರಲಿಲ್ಲ.

ಜನ ರಕ್ಷಣಾ ಪ್ರಶ್ನೆ ಅಂದರೆ ಚೀನಾ, ಕ್ಷಿಪಣಿ ಅಂದುಕೊಳ್ಳುತ್ತಾರೆ. ಜಾಸ್ತಿ ಬರುತ್ತಿದ್ದದ್ದು ಜಮೀನು ಮತ್ತು ಪಿಂಚಣಿ. ಬೆಂಗಳೂರಿನಲ್ಲಿ ಸೇನೆಯ ಜಾಗದೊಳಗೆ ರಸ್ತೆ ಬಿಡಿ ಅಂತ, ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರಿಗೆ ಪರಿಹಾರ ಎಲ್ಲಿ ಅಂತ. ಸೀಬರ್ಡ್‌ಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಅಲ್ಲಿನ ನೆಲೆ ಐಎನ್‌ಎಸ್ ಕದಂಬ ಸೇವೆಗೆ ಸೇರಿದ್ದು 2005ರಲ್ಲಿ. ಪರಿಹಾರದ ಕೇಸುಗಳು ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆದವು. ಜಮೀನು ವಶಪಡಿಸಿಕೊಂಡದ್ದು ರಾಜ್ಯ, ಹಣ ಕೊಡಬೇಕಾದ್ದು ಕೇಂದ್ರ. ಎರಡು ಕಡೆಯ ಲೆಕ್ಕ ಒಂದಕ್ಕೊಂದು ತಾಳೆಯಾಗುವವರೆಗೂ ನಾನು ಉತ್ತರಕ್ಕೆ ಸಹಿ ಕೇಳುತ್ತಿರಲಿಲ್ಲ. ಇಂಥ ಉತ್ತರ ಓದಲು ಬಲು ಸಪ್ಪೆ. ಆದರೆ ಕ್ಷಿಪಣಿಯ ಉತ್ತರಕ್ಕಿಂತ ಇದನ್ನು ಕತ್ತರಿಸಿ ಇಟ್ಟುಕೊಳ್ಳುವವರು ಜಾಸ್ತಿ. ಕೋರ್ಟಿಗೂ ಒಯ್ಯುತ್ತಾರೆ.

ಕೆಲಸ ಇಲ್ಲದ ಮಧ್ಯಾಹ್ನಗಳಲ್ಲಿ ಹಳೆಯ ಕಲಾಪ ಓದುವ ಚಟ ಇತ್ತು. 1959ರ ಆಗಸ್ಟ್ 28ರ ಲೋಕಸಭೆ ಈಗಲೂ ನೆನಪಿದೆ. ಆಗ ವಿದೇಶಾಂಗ ಖಾತೆ ಪ್ರಧಾನಿ ನೆಹರೂ ಅವರ ಹತ್ತಿರವೇ ಇತ್ತು. ಮೂರು ದಿನದ ಹಿಂದಷ್ಟೇ ಈಶಾನ್ಯ ಗಡಿಯ ಲಾಂಗ್ಜುನಲ್ಲಿ ಚೀನಾ ಸೈನಿಕರ ಜೊತೆ ಗುಂಡಿನ ಚಕಮಕಿ ಆಗಿತ್ತು. ಸದಸ್ಯರು ಅದನ್ನೂ ಕೇಳಿದರು, ಲಡಾಖ್ ಕಡೆಯ ಅಕ್ಸಾಯ್ ಚಿನ್‌ನಲ್ಲಿ ಚೀನಾ ಹಾಕಿದ ರಸ್ತೆಯನ್ನೂ ಕೇಳಿದರು. ನೆಹರೂ ಉತ್ತರ ಕೊಡುತ್ತಾ ಹೋದರು. ಸೆಪ್ಟೆಂಬರ್ 7ಕ್ಕೆ ಚೀನಾ ಜೊತೆಗಿನ ಪತ್ರವ್ಯವಹಾರದ ಶ್ವೇತಪತ್ರವನ್ನೇ ಹೊರತರಬೇಕಾಯಿತು. ನಡುವೆ ಸೆಪ್ಟೆಂಬರ್ 2ರಂದು, ಆಗಿನ ಸೇನಾ ಮುಖ್ಯಸ್ಥ, ಕೊಡಗಿನ ಜನರಲ್ ತಿಮ್ಮಯ್ಯ ಅವರು ರಾಜೀನಾಮೆ ಕೊಟ್ಟು ವಾಪಸ್ ತೆಗೆದುಕೊಂಡ ವಿಷಯಕ್ಕೂ ಸದನದಲ್ಲಿ ಮಾತಾಡಬೇಕಾಯಿತು. ಹತ್ತು ಹನ್ನೊಂದು ದಿನದ ಒಳಗೆ ಇಷ್ಟು. ಆ ಉಪಪ್ರಶ್ನೆಗಳಿಗೆ ಪ್ಯಾಡ್ ಯಾರು ಮಾಡಿದ್ದರೋ ಅಂತ ನನ್ನ ಕುತೂಹಲ. ಓದಿದರೆ ಪ್ಯಾಡ್ ನೋಡದೆ ಮಾತಾಡಿದ ಹಾಗೇ ಇದೆ. ಒಂದು ಪ್ರಶ್ನೆಗೆ ಉತ್ತರ ಹೇಳುತ್ತಾ ಇನ್ನೂ ಯಾರೂ ಕೇಳದ್ದನ್ನೂ ಹೇಳಿಬಿಡುತ್ತಾರೆ. ಸಂಸತ್ತಿಗೆ ಅದು ಒಳ್ಳೆಯದೇ. ಆದರೆ ನಮ್ಮಂಥ ಬರಹದವರಿಗೆ ಎದೆ ಝಲ್ಲೆನ್ನುತ್ತದೆ.

ಹೊರದೇಶದ ವಿಷಯಕ್ಕೆ ಸದನದ ನಿಯಮವೂ ಒಂದಿಷ್ಟು ಕಾವಲು ಹಾಕಿದೆ. ಲೋಕಸಭೆಯಲ್ಲಿ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಸ್ನೇಹಪರ ದೇಶದ ಬಗ್ಗೆ ಅಗೌರವದ ಮಾತು ಇರಬಾರದು. ಸಂಪುಟದ ಚರ್ಚೆಯನ್ನು ಕೇಳಬಾರದು. ಹಾಗಾಗಿ ಕಟುವಾದ ಪ್ರಶ್ನೆಗಳು ನಮ್ಮ ಹತ್ತಿರ ಬರುವ ಹೊತ್ತಿಗೆ ಸ್ವಲ್ಪ ಮೆತ್ತಗಾಗಿರುತ್ತವೆ. ಉಪಪ್ರಶ್ನೆಯಲ್ಲಿ ಮತ್ತೆ ಖಾರ ಆಗುತ್ತವೆ ಅನ್ನುವುದು ಬೇರೆ ಮಾತು. ಇಲ್ಲಿ ನಮ್ಮ ಸದಸ್ಯರಷ್ಟೇ ಕೇಳಿಸಿಕೊಳ್ಳುತ್ತಿಲ್ಲ. ಆ ದೇಶದ ರಾಯಭಾರಿಯೂ ಅದೇ ಸಂಜೆ ಉತ್ತರವನ್ನು ತನ್ನ ರಾಜಧಾನಿಗೆ ಕಳಿಸುತ್ತಾನೆ. ಅದಕ್ಕೇ ದೇಶ ದೇಶಗಳ ಮಾತಿಗೆ ಹಿಂದಿನ ಜಂಟಿ ಹೇಳಿಕೆಯಲ್ಲಿ ಯಾವ ಪದ ಇತ್ತೋ ಅದನ್ನೇ ಬಳಸುತ್ತಿದ್ದೆ. ಪದ ಬದಲಾದರೆ ನೀತಿ ಬದಲಾಯಿತು ಅಂತ ಓದಿಕೊಳ್ಳುವವರು ಇರುತ್ತಾರೆ.

ಉತ್ತರ ಕೊಟ್ಟ ಮೇಲೂ ಬಿಡುಗಡೆ ಇಲ್ಲ. 'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು' ಅಂತ ಹೇಳಿದ ಕೂಡಲೇ ಅದು ಭರವಸೆ. ಲೋಕಸಭೆಯಲ್ಲಿ 1953ರಿಂದಲೂ ಭರವಸೆಗಳ ಸಮಿತಿ ಇದೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಕಾರಣ ಕೊಟ್ಟು ಗಡುವು ವಿಸ್ತರಿಸಿ ಅಂತ ಸಮಿತಿಯನ್ನು ಕೇಳಬೇಕು. ಕರಡು ನನ್ನ ಮೇಜಿಗೆ ಬಂದಾಗ ಮೊದಲು ಕೆಂಪು ಪೆನ್ನು ಹೋಗುತ್ತಿದ್ದದ್ದು ಈ ಪದಗಳ ಮೇಲೆ. ನಿಜವಾಗಿ ಪರಿಶೀಲನೆ ನಡೆಯುತ್ತಿದೆಯಾ? ಹಾಗಾದರೆ ಇರಲಿ. ಸುಮ್ನೆ ಬರೆದದ್ದಾ? ತೆಗೆದುಬಿಡಿ, ಇವತ್ತಿನ ಸ್ಥಿತಿ ಏನಿದೆಯೋ ಅದನ್ನು ಬರೆಯಿರಿ. ಇಷ್ಟು ಕಟ್ಟುನಿಟ್ಟು ಮಾಡಿದರೂ ನಿವೃತ್ತಿಯ ದಿನ ನಾನು ಮುಂದಿನವರಿಗೆ ಒಪ್ಪಿಸಿದ ಕಟ್ಟುಗಳಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದು ಬಾಕಿ ಭರವಸೆಗಳದ್ದೇ.